ಉಬುಂಟುವಿನಲ್ಲಿ ಹೊಸ ಪೈಥಾನ್ ಬೇಕು, ಹಳೆಯದನ್ನು ತೆಗೆಯಬಹುದೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ. ಅದರ ಜೊತೆ ಬಂದಿರುವುದು ಪೈಥಾನ್ 3.10. ಹಳಗನ್ನಡ ಪಠ್ಯಗಳಿಂದ ಪದಪಟ್ಟಿ ತೆಗೆಯುವ ಪ್ರಾಜೆಕ್ಟ್ ಒಂದನ್ನು ಶುರು ಮಾಡಿದ್ದೇನೆ. ಅದಕ್ಕೆ ಬೇಕಾದ ಒಂದು ಲೈಬ್ರರಿ 3.12 ಇಲ್ಲದೆ ಇನ್‌ಸ್ಟಾಲ್ ಆಗುತ್ತಿಲ್ಲ. ಇದೇ ಯಂತ್ರದಲ್ಲಿ ಪ್ರತಿ ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ವ್ಯವಸ್ಥೆ) ಮೂಲಕ ಓಡುವ ಹಳೆಯ ಸ್ಕ್ರಿಪ್ಟ್ ಕೂಡ ಇದೆ, ಅದು ನಿಲ್ಲಬಾರದು. 3.12 ಹಾಕಿಕೊಂಡು, ಒಂದು ಹೆಸರು ಯಾವ ಆವೃತ್ತಿಯನ್ನು ತೋರಿಸಬೇಕೆಂದು ಆರಿಸುವ ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಿಂದ 'ಪೈಥಾನ್3' ಹೆಸರನ್ನು ಅದಕ್ಕೆ ತಿರುಗಿಸಿ, 3.10 ತೆಗೆದುಹಾಕಿ ಎಂದು ಒಂದು ವೀಡಿಯೊದಲ್ಲಿ ಹೇಳಿದರು. ಹಾಗೆ ಮಾಡಬಹುದೇ?

ಉತ್ತರ: ಬೇಡ. ಹೆಸರು ತಿರುಗಿಸುವುದೂ ಬೇಡ, 3.10 ತೆಗೆಯುವುದಂತೂ ಬೇಡವೇ ಬೇಡ. ನಿಮಗೆ 3.12 ಸಿಗುತ್ತದೆ, ರಾತ್ರಿಯ ಸ್ಕ್ರಿಪ್ಟೂ ನಿಲ್ಲುವುದಿಲ್ಲ, ಅದಕ್ಕೆ ದಾರಿ ಬೇರೆ ಇದೆ. ಆದರೆ ವೀಡಿಯೊದ ದಾರಿ ಏಕೆ ತಪ್ಪು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇದೇ ಸಲಹೆ ನಾಳೆ ಬೇರೆ ವೇಷದಲ್ಲಿ ಬಂದಾಗ ನೀವು ಗುರುತಿಸಬೇಕು. ಒಂದು ಸೂಚನೆ: ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

'ಅಪ್‌ಗ್ರೇಡ್' ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಫೋನಿನಲ್ಲಿ ಆಪ್ ಅಪ್‌ಗ್ರೇಡ್ ಆದರೆ ಹಳೆಯದು ಹೋಗಿ ಅದರ ಜಾಗಕ್ಕೆ ಹೊಸದು ಬರುತ್ತದೆ. ಪೈಥಾನ್ 3.10 ಮತ್ತು 3.12 ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಬಾಳಬಲ್ಲ ಎರಡು ಪ್ರೋಗ್ರಾಂಗಳು. ಒಂದು ಬಂದರೆ ಇನ್ನೊಂದು ಹೋಗಬೇಕೆಂದೇನಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ 3.10 ಅನ್ನು ಉಬುಂಟು ತನ್ನ ಸ್ವಂತ ಕೆಲಸಕ್ಕೆಂದು ತಂದುಕೊಂಡಿದೆ. ನಾವು ಅದನ್ನು ಬಳಸುವುದು ಬಾಡಿಗೆ ಮನೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ ಹಾಗೆ. ಮೊಳೆ ಹೊಡೆಯಬಹುದು, ಗೋಡೆ ಕೆಡವುವಂತಿಲ್ಲ.

ಉಬುಂಟುವಿನಲ್ಲಿ ಏನೇನು ಪೈಥಾನ್ ಮೇಲೆ ನಿಂತಿದೆ ನೋಡಿ. ಹೊಸ ರೆಪಾಸಿಟರಿ (ಪ್ಯಾಕೇಜ್‌ಗಳ ಭಂಡಾರ) ಸೇರಿಸುವ ಆಡ್-ಆಪ್ಟ್-ರೆಪಾಸಿಟರಿ, ತಪ್ಪು ಕಮಾಂಡ್ ಕೊಟ್ಟಾಗ 'ಈ ಪ್ಯಾಕೇಜ್ ಹಾಕಿಕೊಳ್ಳಿ' ಎನ್ನುವ ಕಮಾಂಡ್-ನಾಟ್-ಫೌಂಡ್, ಫೈರ್‌ವಾಲ್ ನಿಭಾಯಿಸುವ ಯುಎಫ್‌ಡಬ್ಲ್ಯೂ, ಸರ್ವರ್‌ಗಳಲ್ಲಿ ಕ್ಲೌಡ್-ಇನಿಟ್, ಒಂದು ಉಬುಂಟುವಿನಿಂದ ಮುಂದಿನದಕ್ಕೆ ಕರೆದೊಯ್ಯುವ ಡು-ರಿಲೀಸ್-ಅಪ್‌ಗ್ರೇಡ್, ಹಿನ್ನೆಲೆಯಲ್ಲಿ ಭದ್ರತಾ ತೇಪೆಗಳನ್ನು ತಾನೇ ಹಾಕುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್. ನೀವು ದಿನಕ್ಕೆ ಹತ್ತು ಸಲ ತೆರೆಯುವ ಗ್ನೋಮ್ ಟರ್ಮಿನಲ್ ಕೂಡ 22.04ರಲ್ಲಿ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಮೂಲಕವೇ ಶುರುವಾಗುತ್ತದೆ. ಇವುಗಳ ಮೊದಲ ಸಾಲಿನಲ್ಲಿ 'ನನ್ನನ್ನು /ಯುಎಸ್‌ಆರ್/ಬಿನ್/ಪೈಥಾನ್3 ಓಡಿಸಲಿ' ಎಂದಿರುತ್ತದೆ. ಆ ಹೆಸರು ಒಂದು ಲಿಂಕ್ ಅಷ್ಟೇ, 22.04ರಲ್ಲಿ ಅದು ಪೈಥಾನ್3.10 ಕಡೆಗೆ ತೋರಿಸುತ್ತಿರುತ್ತದೆ.

ಆ ಲಿಂಕನ್ನು 3.12ಕ್ಕೆ ತಿರುಗಿಸಿದರೆ ಏನಾಗುತ್ತದೆ? ಪೈಥಾನ್‌ನಲ್ಲೇ ಬರೆದ ಮಾಡ್ಯೂಲ್‌ಗಳು ಬಹುಪಾಲು ಹೇಗೋ ಓಡಿಬಿಡುತ್ತವೆ. ಆದರೆ ಸಿ ಅಥವಾ ಸಿ++ನಲ್ಲಿ ಬರೆದು ಕಂಪೈಲ್ ಮಾಡಿದ ಮಾಡ್ಯೂಲ್‌ಗಳು ಯಾವ ಪೈಥಾನ್‌ಗಾಗಿ ತಯಾರಾದವೋ ಅದಕ್ಕೇ ಕಟ್ಟುಬಿದ್ದಿರುತ್ತವೆ. ಉಬುಂಟುವಿನಲ್ಲಿ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಸಾಧನವಾದ ಆಪ್ಟ್ ಜೊತೆ ಮಾತಾಡುವ 'ಆಪ್ಟ್_ಪಿಕೆಜಿ' ಎಂಬ ಮಾಡ್ಯೂಲ್‌ನ ಫೈಲ್ ಹೆಸರಿನಲ್ಲೇ 'ಸಿಪೈಥಾನ್-310' ಎಂದು ಬರೆದಿರುತ್ತದೆ. 3.12 ಅದನ್ನು ನೋಡಿ 'ಇದು ನನ್ನದಲ್ಲ' ಎಂದು ಬಿಟ್ಟುಬಿಡುತ್ತದೆ. ಆಗ ತೆರೆಯ ಮೇಲೆ 'ಆಪ್ಟ್_ಪಿಕೆಜಿ ಎಂಬ ಮಾಡ್ಯೂಲ್ ಇಲ್ಲ' ಎಂಬ ದೂರು ಬರುತ್ತದೆ. ಟರ್ಮಿನಲ್ ತೆರೆಯಲು ಬೇಕಾದ 'ಜಿಐ' ಮಾಡ್ಯೂಲಿನ ಕಥೆಯೂ ಇದೇ. ಐಕಾನ್ ಒತ್ತುತ್ತೀರಿ, ಚಕ್ರ ಒಂದೆರಡು ಕ್ಷಣ ತಿರುಗುತ್ತದೆ, ಏನೂ ತೆರೆಯುವುದಿಲ್ಲ. 310 ಎಂದಿರುವ ಫೈಲನ್ನು 312 ಎಂಬ ಹೆಸರಿನಲ್ಲಿ ನಕಲು ಮಾಡಿ ಎನ್ನುವ ಉಪಾಯವೂ ಚಲಾವಣೆಯಲ್ಲಿದೆ. ಹೆಸರು ಬದಲಾದ ಮಾತ್ರಕ್ಕೆ ಒಳಗಿನ ರಚನೆ ಬದಲಾಗುವುದಿಲ್ಲ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ಟರ್ಮಿನಲ್ ತೆರೆಯದಿದ್ದರೆ ಕನಿಷ್ಠ ನಿಮಗೆ ಗೊತ್ತಾಗುತ್ತದೆ. ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುವುದು ಸದ್ದಿಲ್ಲದೆ ನಿಲ್ಲುವ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್. ಅದಕ್ಕೂ ಆಪ್ಟ್_ಪಿಕೆಜಿ ಬೇಕು. ಆ ಮಾಡ್ಯೂಲ್ ಸಿಗದೆ ಅದು ಪ್ರತಿದಿನ ವಿಫಲವಾಗುತ್ತದೆ, ದೂರು ಲಾಗ್‌ನಲ್ಲಿ ಬಿದ್ದಿರುತ್ತದೆ, ನಿಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಬ್ರೌಸರ್ ಓಡುತ್ತಿದೆ, ಕೆಲಸ ಸಾಗುತ್ತಿದೆ, ಭದ್ರತಾ ತೇಪೆಗಳು ಮಾತ್ರ ತಿಂಗಳುಗಟ್ಟಲೆ ಬರುತ್ತಿಲ್ಲ. ಹೊಸ ಪೈಥಾನ್ ಹಾಕಿಕೊಂಡು ಯಂತ್ರವನ್ನು ಆಧುನಿಕ ಮಾಡಿದೆ ಎಂದುಕೊಂಡವರು ಅದನ್ನು ಮೊದಲಿಗಿಂತ ಅಸುರಕ್ಷಿತ ಮಾಡಿರುತ್ತಾರೆ. ಮುಂದೆ 24.04ಕ್ಕೆ ಹೋಗಲು ಹೊರಟಾಗ ಡು-ರಿಲೀಸ್-ಅಪ್‌ಗ್ರೇಡ್ ಮೊದಲ ಹೆಜ್ಜೆಯಲ್ಲೇ 'ನಿಮ್ಮ ಪೈಥಾನ್3 ಕೆಟ್ಟಿದೆ, ಲಿಂಕ್ ಸರಿಪಡಿಸಿ' ಎಂದು ನಿಂತುಬಿಡುತ್ತದೆ. ಈ ಎಡವಟ್ಟು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದಕ್ಕೆಂದೇ ಒಂದು ಪರೀಕ್ಷೆಯನ್ನು ಅದರೊಳಗೆ ಬರೆದಿಟ್ಟಿದ್ದಾರೆ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಸೆಂಟ್‌ಓಎಸ್ 6 (ರೆಡ್ ಹ್ಯಾಟ್ ಲಿನಕ್ಸ್‌ನ ಉಚಿತ ರೂಪ) ಇದ್ದ ಒಂದು ಸರ್ವರ್ ಆಗ ನನ್ನ ಉಸ್ತುವಾರಿಯಲ್ಲಿತ್ತು. ಅದರ ಪೈಥಾನ್ 2.6, ನನಗೆ ಬೇಕಿದ್ದದ್ದು 2.7. ಹೊಸದನ್ನು ಕಂಪೈಲ್ ಮಾಡಿ ಹಳೆಯದರ ಹೆಸರಿಗೆ ಕಟ್ಟಿದೆ. ನನ್ನ ಪ್ರೋಗ್ರಾಂ ಚೆನ್ನಾಗಿ ಓಡಿತು. ಆಮೇಲೆ ಯಾವುದೋ ಪ್ಯಾಕೇಜ್ ಹಾಕಲು ಯಮ್ ಕರೆದರೆ ಅದು ಏಳಲೇ ಇಲ್ಲ. ಆ ಪ್ಯಾಕೇಜ್ ಮ್ಯಾನೇಜರೇ ಪೈಥಾನ್‌ನಲ್ಲಿ ಬರೆದದ್ದು, ಅದೂ 2.6ಕ್ಕೆ ಹೊಂದಿಕೊಂಡು. ಕೆಟ್ಟದ್ದನ್ನು ಸರಿಮಾಡುವ ಸಾಧನವೇ ಕೆಟ್ಟು ಕೂತಿತ್ತು. ಕೂತ ಕೊಂಬೆಯನ್ನೇ ಕಡಿದಿದ್ದೆ. ಇಂಥ ಅನುಭವ ಸಾವಿರಾರು ಜನರಿಗೆ ಆಗಿರಬೇಕು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಅದರ ತಯಾರಕರು ವ್ಯವಸ್ಥೆಯ ಪೈಥಾನ್‌ಗೆ 'ಪ್ಲಾಟ್‌ಫಾರ್ಮ್-ಪೈಥಾನ್' ಎಂದು ಹೆಸರಿಟ್ಟು, ಬಳಕೆದಾರರ ಹಾದಿಗೆ ಸಿಗದ ಬೇರೆ ಫೋಲ್ಡರಿನಲ್ಲಿ ಇಟ್ಟುಬಿಟ್ಟರು. ಒಳ್ಳೆಯ ವಿನ್ಯಾಸ. ಉಬುಂಟುವಿನಲ್ಲಿ ಆ ಗೋಡೆಯಿಲ್ಲ, ಅದನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು.

ವೀಡಿಯೊ ಮಾಡಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ ಎಂದೇ ನನ್ನ ನಂಬಿಕೆ. ಅಪ್‌ಡೇಟ್-ಆಲ್ಟರ್ನೇಟಿವ್ಸ್ ತನ್ನಷ್ಟಕ್ಕೆ ಒಳ್ಳೆಯ ಸಾಧನ. ಜಾವಾ 11 ಮತ್ತು 17 ಎರಡೂ ಇದ್ದಾಗ ಯಾವುದು ಬೇಕೆಂದು ಆರಿಸುವುದು ಅದರಿಂದಲೇ, ಪಿಎಚ್‌ಪಿಗೂ ಅದೇ ಕ್ರಮ. ಆ ಪ್ಯಾಕೇಜ್‌ಗಳನ್ನು ಕಟ್ಟಿದವರೇ ಅಂಥ ಆಯ್ಕೆಗೆ ಜಾಗ ಬಿಟ್ಟಿರುತ್ತಾರೆ. ಪೈಥಾನ್3ಕ್ಕೆ ಉಬುಂಟುವಿನ ಮೂಲವಾದ ಡೆಬಿಯನ್ ಆಗಲಿ ಉಬುಂಟು ಆಗಲಿ ಆ ಜಾಗ ಬಿಟ್ಟಿಲ್ಲ. ಜಾವಾದ ಅಭ್ಯಾಸವನ್ನು ಯಾರೋ ಪೈಥಾನ್‌ಗೆ ತಂದರು, ಅದು ಒಬ್ಬರಿಂದ ಒಬ್ಬರಿಗೆ ಹರಡಿತು.

ಇನ್ನು 3.10 ತೆಗೆಯುವ ಮಾತು. 'ಆಪ್ಟ್ ರಿಮೂವ್ ಪೈಥಾನ್3.10' ಎಂದು ಕೊಟ್ಟರೆ ಆಪ್ಟ್ ನಿಮಗೆ ಉದ್ದದ ಪಟ್ಟಿಯೊಂದನ್ನು ತೋರಿಸಿ, ಇವನ್ನೆಲ್ಲ ತೆಗೆಯಲೇ ಎಂದು ಕೇಳುತ್ತದೆ. ಉಬುಂಟು-ಡೆಸ್ಕ್‌ಟಾಪ್ ಆ ಪಟ್ಟಿಯಲ್ಲಿರುತ್ತದೆ. ಓದದೆ 'ವೈ' ಒತ್ತಿದವರ ಕಂಪ್ಯೂಟರು ಮುಂದಿನ ಸಲ ಕಪ್ಪು ತೆರೆಯೊಂದಿಗೆ ಏಳುತ್ತದೆ. ಆಪ್ಟ್ ತೋರಿಸುವ ಆ ಪಟ್ಟಿಯನ್ನು ಯಾವತ್ತೂ ಓದಿ. 'ತೆಗೆಯಲಾಗುವವು' ಎಂಬ ಭಾಗದಲ್ಲಿ ನೀವು ಕೇಳದ ಒಂದೇ ಒಂದು ಹೆಸರಿದ್ದರೂ 'ಎನ್' ಒತ್ತಿ ಹೊರಬನ್ನಿ.

ನಿಮ್ಮ ಮನಸ್ಸಿನಲ್ಲಿ ಇನ್ನೊಂದು ಅಳುಕು ಇರಬಹುದು: 3.10 ಹಳೆಯದಾಯಿತಲ್ಲ, ಇಟ್ಟುಕೊಂಡರೆ ಅಪಾಯವಲ್ಲವೇ? ಪೈಥಾನ್ ತಂಡ 3.9ರಿಂದೀಚೆಗೆ ವರ್ಷಕ್ಕೊಂದರಂತೆ ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ತರುತ್ತದೆ, ಪ್ರತಿಯೊಂದಕ್ಕೂ ಸುಮಾರು 5 ವರ್ಷ ಆಸರೆ. 2021ರ 3.10ಕ್ಕೆ 2026ರ ಅಕ್ಟೋಬರ್‌ವರೆಗೆ, 2023ರ 3.12ಕ್ಕೆ 2028ರವರೆಗೆ. ಆದರೆ ಉಬುಂಟುವಿನ ಒಳಗಿರುವ 3.10ರ ಭದ್ರತೆ ನೋಡಿಕೊಳ್ಳುವುದು ಉಬುಂಟುವಿನ ಹೊಣೆ. 22.04ಕ್ಕೆ ಸಾಮಾನ್ಯ ಬೆಂಬಲ 2027ರವರೆಗೆ ಇದೆ, ಅಲ್ಲಿಯತನಕ ತೇಪೆಗಳು ಆಪ್ಟ್ ಮೂಲಕವೇ ಬರುತ್ತವೆ. ವ್ಯವಸ್ಥೆಯ ಪೈಥಾನ್ ಹೊಸದಾಗಬೇಕಿದ್ದರೆ ಅದಕ್ಕಿರುವ ಸರಿಯಾದ ದಾರಿ ಒಂದೇ, ಉಬುಂಟುವನ್ನೇ 24.04ಕ್ಕೆ ಒಯ್ಯುವುದು. ಅಲ್ಲಿ 3.12 ತಾನಾಗಿಯೇ ಇರುತ್ತದೆ. ನಿಮಗೆ ತುರ್ತಿಲ್ಲದಿದ್ದರೆ ಅದೂ ಒಂದು ಉತ್ತರವೇ.

ಈಗಲೇ ಬೇಕೆಂದರೆ 3.12 ಅನ್ನು ಪಕ್ಕದಲ್ಲಿ ಇನ್ನೊಂದು ಒಲೆ ಹೂಡಿದಂತೆ ತರೋಣ. ಮೂರು ದಾರಿಗಳಿವೆ, ನನ್ನ ಒಲವು ಯಾವುದರ ಕಡೆಗೆ ಎಂದೂ ಹೇಳುತ್ತೇನೆ.

ಒಂದು, ಡೆಡ್‌ಸ್ನೇಕ್ಸ್ ಎಂಬ ಪಿಪಿಎ. ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿಗಳಿಗೆ ಬೇರೆ ಬೇರೆ ಪೈಥಾನ್‌ಗಳನ್ನು ಕಟ್ಟಿಕೊಡುವ ರೆಪಾಸಿಟರಿ ಇದು. ಇದರ ಪೈಥಾನ್3.12 ತನ್ನ ಪೂರ್ತಿ ಹೆಸರಿನಲ್ಲೇ ಬಂದು ಕೂರುತ್ತದೆ, ಪೈಥಾನ್3 ಲಿಂಕನ್ನು ಮುಟ್ಟುವುದಿಲ್ಲ. 22.04ರ ಸ್ವಂತ 3.10 ಅನ್ನು ಇವರು ಕೊಡುವುದೂ ಇಲ್ಲ. ಇದು ಶಿಸ್ತಿನ ಕೆಲಸ. ಕೊರತೆ ಒಂದೇ, ಭದ್ರತಾ ತೇಪೆ ಸಕಾಲಕ್ಕೆ ಬರುತ್ತದೆಂಬ ಖಾತರಿ ಇಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಕಲಿಕೆಯ ಲ್ಯಾಪ್‌ಟಾಪ್‌ಗೆ ಪರವಾಗಿಲ್ಲ, ಸಾರ್ವಜನಿಕ ಸರ್ವರ್‌ಗಾದರೆ ಯೋಚಿಸಬೇಕು.

ಎರಡು, ಪೈಎನ್ವ್. ಇದು ಮೂಲ ಸಂಕೇತದಿಂದ ಪೈಥಾನನ್ನು ನಿಮ್ಮ ಹೋಮ್ ಫೋಲ್ಡರಿನೊಳಗೇ ಕಟ್ಟುತ್ತದೆ. ಸುಡೊ (ಯಂತ್ರದ ಪೂರ್ತಿ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಬೇಕಾಗುವುದು ಕಟ್ಟಲು ಬೇಕಾದ ಲೈಬ್ರರಿಗಳಿಗೆ ಮಾತ್ರ. ಆ ಲೈಬ್ರರಿಗಳಲ್ಲೇ ಜನ ಎಡವುವುದು. ಲಿಬ್‌ಎಸ್‌ಕ್ಯೂಲೈಟ್3-ಡೆವ್ ಇಲ್ಲದೆ ಕಟ್ಟಿದರೆ ಪೈಥಾನ್ ತಯಾರಾಗುತ್ತದೆ, ಎಚ್ಚರಿಕೆಯ ಒಂದು ಸಾಲು ಓಡಿಹೋಗುತ್ತದೆ, ವಾರದ ನಂತರ ಎಸ್‌ಕ್ಯೂಲೈಟ್ ಮಾಡ್ಯೂಲೇ ಇಲ್ಲವೆಂದು ಗೊತ್ತಾಗುತ್ತದೆ. ಲಿಬ್‌ಎಸ್‌ಎಸ್‌ಎಲ್, ಲಿಬ್‌ಎಫ್‌ಎಫ್‌ಐ, ಝಡ್‌ಲಿಬ್, ಬಿಝಡ್2, ರೀಡ್‌ಲೈನ್, ಎಲ್‌ಝಡ್‌ಎಂಎಗಳ 'ಡೆವ್' ಪ್ಯಾಕೇಜ್‌ಗಳನ್ನು ಮೊದಲೇ ಹಾಕಿಕೊಂಡು ಶುರುಮಾಡಿ.

ಮೂರು, ಯುವಿ. 2024ರಲ್ಲಿ ಬಂದ, ರಸ್ಟ್ ಭಾಷೆಯಲ್ಲಿ ಬರೆದ ಸಾಧನ. 'ಯುವಿ ಪೈಥಾನ್ ಇನ್‌ಸ್ಟಾಲ್ 3.12' ಎಂದರೆ ಸಿದ್ಧವಾಗಿ ಕಟ್ಟಿದ ಪೈಥಾನನ್ನು ತಂದು ನಿಮ್ಮ ಹೋಮ್ ಫೋಲ್ಡರಿನಲ್ಲಿಡುತ್ತದೆ. ಕಂಪೈಲ್ ಇಲ್ಲ, ಸುಡೊ ಇಲ್ಲ. ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಇದನ್ನೇ ಆರಿಸುತ್ತಿದ್ದೆ. ಬೇಡವಾದಾಗ ಆ ಫೋಲ್ಡರ್ ಅಳಿಸಿದರೆ ಮುಗಿಯಿತು, ವ್ಯವಸ್ಥೆಗೆ ಅದರ ಸುಳಿವೂ ಇರುವುದಿಲ್ಲ.

ನೀವೇ ಮೂಲ ಸಂಕೇತ ಇಳಿಸಿಕೊಂಡು ಕಟ್ಟುವ ಆಸೆಯಿದ್ದರೆ ಕೊನೆಯಲ್ಲಿ 'ಮೇಕ್ ಇನ್‌ಸ್ಟಾಲ್' ಬದಲು 'ಮೇಕ್ ಆಲ್ಟ್‌ಇನ್‌ಸ್ಟಾಲ್' ಕೊಡಿ. ಮೊದಲನೆಯದು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಪೈಥಾನ್3 ಎಂಬ ಹೆಸರನ್ನೂ ಇಡುತ್ತದೆ. ಕಮಾಂಡ್ ಹುಡುಕುವ ಫೋಲ್ಡರ್‌ಗಳ ಸಾಲಿನಲ್ಲಿ ಅದು ಮುಂದಿರುವುದರಿಂದ ಟರ್ಮಿನಲ್‌ನಲ್ಲಿ ಪೈಥಾನ್3 ಎಂದಾಗ ಎದ್ದು ಬರುವುದು ಹೊಸದೇ.

ಯಾವ ದಾರಿ ಹಿಡಿದರೂ ಮುಂದಿನ ಹೆಜ್ಜೆ ಒಂದೇ. ಪ್ರಾಜೆಕ್ಟಿನ ಫೋಲ್ಡರಿಗೆ ಹೋಗಿ 'ಪೈಥಾನ್3.12 -ಎಂ ವೆನ್ವ್ ಡಾಟ್‌ವೆನ್ವ್' ಎಂದು ಆ ಪ್ರಾಜೆಕ್ಟಿಗೆಂದೇ ಒಂದು ಪರಿಸರ, ಅಂದರೆ ಅದರದೇ ಲೈಬ್ರರಿಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್, ಮಾಡಿಕೊಳ್ಳಿ ('ಡಾಟ್' ಎಂದಲ್ಲಿ ಚುಕ್ಕೆ ಒತ್ತಿ). ಡೆಡ್‌ಸ್ನೇಕ್ಸ್ ಆದರೆ ಪೈಥಾನ್3.12-ವೆನ್ವ್ ಎಂಬ ಪ್ಯಾಕೇಜನ್ನೂ ಹಾಕಿರಬೇಕು. ಯುವಿ ಆದರೆ 'ಯುವಿ ವೆನ್ವ್ --ಪೈಥಾನ್ 3.12', ಪ್ಯಾಕೇಜ್ ಹಾಕುವುದು 'ಯುವಿ ಪಿಪ್ ಇನ್‌ಸ್ಟಾಲ್' ಮೂಲಕ (ಪಿಪ್ ಎಂದರೆ ಪೈಥಾನ್ ಲೈಬ್ರರಿಗಳನ್ನು ಹಾಕುವ ಸಾಧನ). ಪರಿಸರ ಮಾಡದೆ ಡೆಡ್‌ಸ್ನೇಕ್ಸ್‌ನ 3.12ರಿಂದ ನೇರವಾಗಿ ಪಿಪ್ ಓಡಿಸಿದರೆ 22.04ರ ಹಳೆಯ ಪಿಪ್ ಕೈಗೆ ಸಿಕ್ಕಿ, ಡಿಸ್ಟ್‌ಯುಟಿಲ್ಸ್ ಇಲ್ಲ ಎಂದೋ ಇಂಪ್‌ಇಂಪೋರ್ಟರ್ ಇಲ್ಲ ಎಂದೋ ಗೋಳಾಡುತ್ತದೆ. 3.12 ಕೆಟ್ಟಿದೆ ಎಂದುಕೊಂಡು ಅನೇಕರು ಇಲ್ಲೇ ಕೈಬಿಡುತ್ತಾರೆ. ಪರಿಸರದೊಳಗೆ ಹೊಸ ಪಿಪ್ ಬರುವುದರಿಂದ ಈ ತೊಡಕೇ ಇಲ್ಲ.

ಸುಡೊ ಹಾಕಿ ಪಿಪ್ ಓಡಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಡೆಬಿಯನ್ 12 ಮತ್ತು ಉಬುಂಟು 23.04ರಿಂದೀಚೆಗೆ ಪಿಪ್ ತಾನೇ 'ಇದು ವ್ಯವಸ್ಥೆ ನೋಡಿಕೊಳ್ಳುವ ಜಾಗ' ಎಂದು ತಡೆಯುತ್ತದೆ. ಆ ತಡೆಯನ್ನು ದಾಟಲು ಕೊಡಬೇಕಾದ ಆಯ್ಕೆಯ ಹೆಸರೇ 'ಬ್ರೇಕ್-ಸಿಸ್ಟಮ್-ಪ್ಯಾಕೇಜಸ್', ವ್ಯವಸ್ಥೆಯ ಪ್ಯಾಕೇಜ್‌ಗಳನ್ನು ಮುರಿ ಎಂದು. ನಿಮ್ಮ 22.04ರಲ್ಲಿ ಆ ತಡೆಯಿಲ್ಲ, ಆದ್ದರಿಂದ ಎಚ್ಚರ ನಿಮ್ಮದೇ.

ಲೈಬ್ರರಿಗಳನ್ನು ಹೊಸ ಪರಿಸರಕ್ಕೆ ತರುವಾಗ ಹಳೆಯ 'ಪಿಪ್ ಫ್ರೀಜ್' ಪಟ್ಟಿಯನ್ನು (ಹಾಕಿರುವ ಲೈಬ್ರರಿಗಳೂ ಅವುಗಳ ಆವೃತ್ತಿಗಳೂ ಇರುವುದು) ಹಾಗೇ ಸುರಿಯಬೇಡಿ. ಅದರಲ್ಲಿ ಲೆಕ್ಕಾಚಾರದ ಲೈಬ್ರರಿ ನಂಪೈ 1.21 ಎಂದಿದ್ದರೆ ಅದಕ್ಕೆ 3.12ರ ಸಿದ್ಧ ಕಟ್ಟು ಇಲ್ಲ. ಪಿಪ್ ಅದನ್ನು ಮೂಲದಿಂದ ಕಟ್ಟಲು ಹೊರಟು ಪುಟಗಟ್ಟಲೆ ದೋಷ ಉಗುಳುತ್ತದೆ. ನಂಪೈ 3.12ಕ್ಕೆ ಹೊಂದಿದ್ದು 2023ರ 1.26ರಿಂದ. 'ಪಿಪ್ ಲಿಸ್ಟ್ --ನಾಟ್-ರಿಕ್ವೈರ್ಡ್' ಎಂದರೆ ಬೇರೆ ಯಾವ ಪ್ಯಾಕೇಜಿಗೂ ಆಸರೆಯಾಗಿಲ್ಲದ ಹೆಸರುಗಳು ಸಿಗುತ್ತವೆ, ನೀವಾಗಿ ಹಾಕಿದವು ಹೆಚ್ಚಾಗಿ ಅವೇ. ಅವನ್ನಷ್ಟೇ ಹೊಸದಾಗಿ ಹಾಕಿ, ಎಲ್ಲ ಓಡಿದ ಮೇಲೆ ಹೊಸ ಪಟ್ಟಿ ಬರೆದಿಡಿ.

ನಿಮ್ಮ ಪ್ರಾಜೆಕ್ಟ್ ಹಳಗನ್ನಡದ್ದಾದ್ದರಿಂದ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಪೈಥಾನ್ ತನ್ನೊಳಗೆ ಯುನಿಕೋಡ್ ಕೋಷ್ಟಕದ ಒಂದು ಆವೃತ್ತಿಯನ್ನು ಹೊತ್ತಿರುತ್ತದೆ. 3.10ರಲ್ಲಿರುವುದು ಯುನಿಕೋಡ್ 13, 3.12ರಲ್ಲಿರುವುದು ಯುನಿಕೋಡ್ 15. ಈ ನಡುವೆ ಕನ್ನಡಕ್ಕೆ ಎರಡು ಚಿಹ್ನೆಗಳು ಸೇರಿವೆ. ಯುನಿಕೋಡ್ 14ರಲ್ಲಿ ನಕಾರ ಪೊಲ್ಲು, ಅಂದರೆ ಹಳೆಯ ಬರಹದಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ರೂಪ, 0ಸಿಡಿಡಿ ಸ್ಥಾನದಲ್ಲಿ. ಯುನಿಕೋಡ್ 15ರಲ್ಲಿ ಅಕ್ಷರದ ಮೇಲೆ ಬಲಕ್ಕೆ ಕೂರುವ ಅನುಸ್ವಾರ ಚಿಹ್ನೆ, 0ಸಿಎಫ್3ರಲ್ಲಿ. ನಿಮ್ಮ ಪಠ್ಯದಲ್ಲಿ ನಕಾರ ಪೊಲ್ಲು ಇದ್ದರೆ 3.10ಕ್ಕೆ ಅದು 'ಹಂಚಿಕೆಯಾಗದ ಸ್ಥಾನ'. ಇದು ಅಕ್ಷರವೇ ಎಂದು 'ಇಸ್‌ಆಲ್ಫಾ' ಮೂಲಕ ಕೇಳಿದರೆ ಅಲ್ಲ ಎನ್ನುತ್ತದೆ, ಪದ ಅಲ್ಲೇ ತುಂಡಾಗಬಹುದು. 3.12ರಲ್ಲಿ ಅದೇ ಚಿಹ್ನೆ ಅಕ್ಷರ. ಅಂದರೆ ಒಂದಕ್ಷರ ಕೋಡ್ ಬದಲಾಯಿಸದೆಯೂ ಪದಗಳ ಎಣಿಕೆ ಬದಲಾಗಬಹುದು. ಹಳೆಯ ಪದಪಟ್ಟಿಯನ್ನು ಕಾಪಿಟ್ಟು ಎರಡೂ ಆವೃತ್ತಿಗಳ ಫಲಿತಾಂಶವನ್ನು 'ಡಿಫ್' ಹಾಕಿ ನೋಡಿ. ವ್ಯತ್ಯಾಸ ಬಂದರೆ ಗಾಬರಿ ಬೇಡ, ಹೊಸ ಎಣಿಕೆಯೇ ಸರಿಯಿರುವ ಸಂಭವ ಹೆಚ್ಚು. ಪ್ರಬಂಧ ಬರೆಯುವುದಾದರೆ ಅದರಲ್ಲಿ ಯಾವ ಪೈಥಾನ್, ಯಾವ ಯುನಿಕೋಡ್ ಎಂದು ಬರೆಯಿರಿ. 'ಯುನಿಕೋಡ್‌ಡೇಟಾ' ಮಾಡ್ಯೂಲಿನ 'ಯುನಿಡೇಟಾ_ವರ್ಷನ್' ಅದನ್ನು ಹೇಳುತ್ತದೆ.

ರಾತ್ರಿಯ ಸ್ಕ್ರಿಪ್ಟನ್ನು 3.10ರಲ್ಲೇ ಬಿಡಿ. ಆದರೆ ಅದಕ್ಕೂ 3.10ರದೇ ಒಂದು ಪರಿಸರ ಮಾಡಿ, ಕ್ರಾನ್ ಸಾಲಿನಲ್ಲಿ ಬರೀ ಪೈಥಾನ್3 ಎನ್ನುವ ಬದಲು ಆ ಪರಿಸರದ ಬಿನ್ ಫೋಲ್ಡರಿನಲ್ಲಿರುವ ಪೈಥಾನಿನ ಪೂರ್ತಿ ವಿಳಾಸ ಕೊಡಿ. 'ಆಕ್ಟಿವೇಟ್' ಮಾಡುವ ಅಗತ್ಯವಿಲ್ಲ, ವಿಳಾಸವೇ ಸಾಕು. ಮುಂದೆ ಅದನ್ನೂ 3.12ಕ್ಕೆ ತರುವ ದಿನ ಬಂದಾಗ ಮೊದಲು 3.10ರಲ್ಲೇ '-ಡಬ್ಲ್ಯೂ ಎರರ್::ಡೆಪ್ರಿಕೇಶನ್‌ವಾರ್ನಿಂಗ್' ಆಯ್ಕೆಯೊಂದಿಗೆ ಓಡಿಸಿ. ಮುಂದೆ ಹೋಗಲಿದೆ ಎಂದು 3.10 ಎಚ್ಚರಿಸುವುದನ್ನು ಮುಟ್ಟಿದ ಕಡೆಯಲ್ಲೇ ಅದು ನಿಲ್ಲುತ್ತದೆ. 3.12ರಲ್ಲಿ ಡಿಸ್ಟ್‌ಯುಟಿಲ್ಸ್, ಇಂಪ್, ಎಸಿಂಕೋರ್, ಎಸಿಂಚಾಟ್, ಎಸ್‌ಎಂಟಿಪಿಡಿ ಹೋಗಿವೆ. 3.13ರಲ್ಲಿ ಸಿಜಿಐ, ಕ್ರಿಪ್ಟ್, ಟೆಲ್ನೆಟ್‌ಲಿಬ್ ಸೇರಿ 19 ಹಳೆಯ ಮಾಡ್ಯೂಲ್‌ಗಳು ಹೋಗಿವೆ. ಎಲ್ಲ ಸರಿಯಾದ ಮೇಲೆ 3.12ರ ಪರಿಸರವನ್ನು ಪಕ್ಕದಲ್ಲಿ ಕಟ್ಟಿ, ಕ್ರಾನ್‌ನಲ್ಲಿ ವಿಳಾಸ ಬದಲಿಸಿ. ಎಡವಟ್ಟಾದರೆ ಹಳೆಯ ವಿಳಾಸಕ್ಕೆ ಮರಳಲು ಒಂದು ನಿಮಿಷ ಸಾಕು. ಒಂದೆರಡು ವಾರ ಹಳೆಯ ಪರಿಸರವನ್ನು ಅಳಿಸಬೇಡಿ.

ಈ ಉತ್ತರ ತಲುಪುವ ಮೊದಲೇ ವೀಡಿಯೊ ಹೇಳಿದಂತೆ ಮಾಡಿಬಿಟ್ಟಿದ್ದರೆ ಮರುಇನ್‌ಸ್ಟಾಲ್‌ಗೆ ಓಡಬೇಡಿ. ಟರ್ಮಿನಲ್ ತೆರೆಯದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ತೆರೆಯ ಲಾಗಿನ್ ಸಿಗುತ್ತದೆ. ಅಲ್ಲಿ ಮೊದಲು 'ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ರಿಮೂವ್-ಆಲ್ ಪೈಥಾನ್3', ಅದರ ಬೆನ್ನಿಗೇ 'ಸುಡೊ ಎಲ್‌ಎನ್ -ಎಸ್‌ಎಫ್ ಪೈಥಾನ್3.10 /ಯುಎಸ್‌ಆರ್/ಬಿನ್/ಪೈಥಾನ್3' ಕೊಡಿ. ಮೊದಲ ಕಮಾಂಡ್ ಲಿಂಕನ್ನೇ ಅಳಿಸುವುದರಿಂದ ಎರಡನೆಯದನ್ನು ಮರೆಯುವಂತಿಲ್ಲ. ಬಳಿಕ 'ಸುಡೊ ಆಪ್ಟ್ ಅಪ್‌ಡೇಟ್' ದೂರಿಲ್ಲದೆ ಮುಗಿದರೆ ಯಂತ್ರ ಚೇತರಿಸಿಕೊಂಡಿದೆ. 3.10 ಅನ್ನೇ ತೆಗೆದಿದ್ದರೆ ಏನೇನು ಹೋಯಿತೆಂಬ ಪೂರ್ತಿ ಪಟ್ಟಿ /ವಾರ್/ಲಾಗ್/ಆಪ್ಟ್ ಫೋಲ್ಡರಿನ ಹಿಸ್ಟರಿ ಲಾಗ್‌ನಲ್ಲಿರುತ್ತದೆ. ಆಪ್ಟ್ ಸ್ವತಃ ಸಿ++ನಲ್ಲಿ ಬರೆದದ್ದು, ಅದು ಇನ್ನೂ ಓಡುತ್ತದೆ. ನೆಟ್ ಸಂಪರ್ಕ ಉಳಿದಿದ್ದರೆ ಪೈಥಾನ್3 ಮತ್ತು ಉಬುಂಟು-ಡೆಸ್ಕ್‌ಟಾಪ್ ಅನ್ನು ಮತ್ತೆ ಹಾಕಿ, ಆ ಪಟ್ಟಿಯಲ್ಲಿ ಉಳಿದವನ್ನು ಒಂದೊಂದಾಗಿ ತನ್ನಿ. ರೀಬೂಟ್ ಮಾಡುವುದು ಎಲ್ಲ ಮುಗಿದ ಮೇಲೆ, ಅದಕ್ಕೂ ಮೊದಲಲ್ಲ.